ಕಾಸಿಗೆ ತಕ್ಕ ಕಜ್ಜಾಯವೆ?

ಕನ್ನಡದ ಗಾದೆಗಳಲ್ಲಿ ಕೆಲವು ಅತಿಬಳಕೆಯಿಂದ ಮೊಂಡಾಗಿವೆ. ಕೆಲವು ತಪ್ಪುಬಳಕೆಯಿಂದ ಮೊನೆ ತಿರುಗಿ ನಿಂತಿವೆ. “ಕಾಸಿಗೆ ತಕ್ಕ ಕಜ್ಜಾಯ” ಎಂಬುದು ಎರಡನೆಯ ವರ್ಗದ್ದು. ಈಗಿನ ವಿದ್ಯಾವಂತರ ಮನೆಗಳಲ್ಲಿ ಈ ಮಾತು ಕೇಳಿಬರುವುದು ಬಹುಮಟ್ಟಿಗೆ ಒಂದೇ ಸಂದರ್ಭದಲ್ಲಿ. ಸಂಜೆಯ ಹೊತ್ತು ಮಕ್ಕಳು ಬೀದಿಯ ತಿರುವಿನಲ್ಲಿ ತಿಂಡಿಯ ಗಾಡಿಯನ್ನು ಕಂಡು ನಿಂತುಬಿಡುವರು. ಹಿರಿಯರು ಬೆಲೆಯನ್ನು ವಿಚಾರಿಸುವರು. ಬೆಲೆ ಅಗ್ಗವೆಂದು ತಿಳಿದ ಕೂಡಲೆ ಅವರ ಮುಖದಲ್ಲಿ ಸಂತೋಷಕ್ಕೆ ಬದಲಾಗಿ ಸಂಶಯವು ಮೂಡುವುದು. “ಇಷ್ಟು ಅಗ್ಗಕ್ಕೆ ಕೊಡುತ್ತಾನೆಂದರೆ ಏನನ್ನು ಬೆರೆಸಿದ್ದಾನೆಯೋ! ಕಾಸಿಗೆ ತಕ್ಕ ಕಜ್ಜಾಯ” ಎಂದು ಹೇಳಿ ಮಕ್ಕಳ ಕೈಹಿಡಿದು ಎಳೆದುಕೊಂಡು ಹೋಗುವರು. ಮುಂದಿನ ಭಾನುವಾರ ಅದೇ ಕುಟುಂಬವು ಬೆಂಗಳೂರಿಗೆ ಹೋಗಿ, ಗಾಜಿನ ಬಾಗಿಲುಳ್ಳ ದೊಡ್ಡ ಮಳಿಗೆಯೊಂದರಲ್ಲಿ ಅದೇ ತಿಂಡಿಯನ್ನು ಹಲವು ಪಟ್ಟು ಹಣ ತೆತ್ತು ತಿಂದು, “ಬೆಲೆ ಹೆಚ್ಚಾದರೇನು, ಶುಚಿಯಾಗಿದೆ” ಎಂದು ಸಮಾಧಾನ ತಂದುಕೊಳ್ಳುವುದು. ಆ ಮಳಿಗೆಯ ಅಡಿಗೆಮನೆಯನ್ನು ಅವರಲ್ಲಿ ಯಾರೂ ಕಂಡಿರುವುದಿಲ್ಲ. ಕಂಡಿರುವುದು ಬೆಲೆಯ ಪಟ್ಟಿಯನ್ನು ಮಾತ್ರ.

ಈ ನಡತೆಯ ಹಿಂದೆ ಒಂದು ಅನುಮಾನಪ್ರಮಾಣವು ಅಡಗಿದೆ. “ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ” ಎಂದು ತಾರ್ಕಿಕರು ವ್ಯಾಪ್ತಿಯನ್ನು ಹೇಳುವಂತೆ, “ಎಲ್ಲಿ ಬೆಲೆ ಹೆಚ್ಚೋ ಅಲ್ಲಿ ಗುಣ ಹೆಚ್ಚು, ಎಲ್ಲಿ ಬೆಲೆ ಕಡಮೆಯೋ ಅಲ್ಲಿ ಗುಣ ಕಡಮೆ” ಎಂಬುದೇ ಈ ಗೃಹಸ್ಥರ ವ್ಯಾಪ್ತಿ. ಇದು ನಿಜವಾದರೆ ಬಡವನಿಗೆ ರುಚಿಯೂ ಇಲ್ಲ, ಶುಚಿಯೂ ಇಲ್ಲ ಎಂದಾಗುವುದು. ಹಣವುಳ್ಳವನಿಗೆ ಎರಡೂ ತಾವಾಗಿಯೇ ಒದಗುವುವೆಂದೂ ಆಗುವುದು. ಆದರೆ ಯಾವ ವ್ಯಾಪ್ತಿಯನ್ನಾದರೂ ಮುರಿಯುವುದಕ್ಕೆ ಅದು ತಪ್ಪುವ ಸ್ಥಳ ಒಂದನ್ನು ತೋರಿಸಿದರೆ ಸಾಕು. ಅಂತಹ ಸ್ಥಳವು ಈ ಜಿಲ್ಲೆಯಲ್ಲಿಯೇ ಇದೆ. ಅದಕ್ಕೆ ಬಂಗಾರಪೇಟೆಯೆಂದು ಹೆಸರು.

ಬೆಂಗಳೂರಿನಿಂದ ಮೂಡಲಿಗೆ ರೈಲಿನಲ್ಲಿ ಸುಮಾರು ೭೦ ಕಿಲೋಮೀಟರು ಹೋದರೆ ಸಿಕ್ಕುವ ಈ ಊರು, ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆ ಎನ್ನಿಸಿಕೊಂಡಿತ್ತು. ಬೆಂಗಳೂರಿಗೂ ಜೋಲಾರ್‌ಪೇಟೆಗೂ ನಡುವೆ ೧೮೬೪ರಲ್ಲಿ ತೆರೆದ ರೈಲುದಾರಿಯು ಇದನ್ನು ಮುಟ್ಟಿತು. ೧೮೯೪ರಲ್ಲಿ ಇಲ್ಲಿಂದ ಚಿನ್ನದ ಗಣಿಗಳಿಗೆ, ಎಂದರೆ ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂಗಳ ಕಡೆಗೆ, ಒಂದು ಕವಲು ಹೊರಟಿತು. ೧೯೧೩ರಲ್ಲಿ ಕೋಲಾರದ ಕಡೆಗೆ ಕಿರುದಾರಿಯ ರೈಲು ಹೊರಟಿತು. ಹೀಗೆ ದಾರಿಗಳು ಕೂಡುವ ಎಡೆಯಲ್ಲಿ ಜನ ಕಾಯುವರು. ಕಾಯುವ ಜನರಿಗೆ ಹಸಿವೆಯಾಗುವುದು. ಆ ಜನರ ಕೈಯಲ್ಲಿ ಹಣವೂ ಹೆಚ್ಚಿರುವುದಿಲ್ಲ, ಹೊತ್ತೂ ಹೆಚ್ಚಿರುವುದಿಲ್ಲ. ಅಗ್ಗವೂ ರುಚಿಕರವೂ ಆದ ತಿಂಡಿಗೆ ಇದಕ್ಕಿಂತ ತಕ್ಕ ನೆಲ ಬೇರೊಂದಿಲ್ಲ.

೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲೆ ಈ ಕಾಯುವಿಕೆಗೆ ಮತ್ತೊಂದು ಅರ್ಥವು ಬಂದಿತು. ಗಣಿಯನ್ನು ನೆಚ್ಚಿದ್ದ ಮನೆಗಳಿಂದ ಸಾವಿರಾರು ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗಿ ರಾತ್ರಿ ಹಿಂದಿರುಗುವುದು ಅಂದಿನಿಂದ ನಡೆದುಬಂದಿದೆ. ದಿನದಲ್ಲಿ ನಾಲ್ಕೈದು ಗಂಟೆಗಳನ್ನು ದಾರಿಯಲ್ಲಿಯೇ ಕಳೆಯುವ ಮನುಷ್ಯನಿಗೆ ಸಂಜೆಯ ತಿಂಡಿಯೆಂಬುದು ವಿಲಾಸವಲ್ಲ. ಮಧ್ಯಾಹ್ನದ ಬುತ್ತಿಗೂ ರಾತ್ರಿಯ ಊಟಕ್ಕೂ ನಡುವಣ ಸೇತುವೆ. ಆ ಸೇತುವೆಯನ್ನು ಹೀನವೆನ್ನುವವರು ಅದನ್ನು ದಾಟಬೇಕಾದ ಕಷ್ಟವಿಲ್ಲದವರು.

ಈ ಊರಿನ ಪಾನಿಪೂರಿಯನ್ನು ಬಲ್ಲವರು ಅದರ ನೀರಿನಿಂದ ಗುರುತಿಸುವರು. ಬೇರೆಡೆಗಳಲ್ಲಿ ಪಾನಿಪೂರಿಯ ನೀರು ಹಸುರಾಗಿಯೋ ಹುಣಿಸೆಯ ಕಂದುಬಣ್ಣವಾಗಿಯೋ ಇರುವುದು. ಬಂಗಾರಪೇಟೆಯದು ತಿಳಿನೀರು. ಕಣ್ಣಿಗೆ ಬಾವಿಯಿಂದ ಆಗತಾನೆ ಸೇದಿದಂತೆ ಕಾಣುವುದು; ನಾಲಗೆಗೆ ಮುಟ್ಟಿದಾಗ ಮಾತ್ರ ಅದರ ಖಾರವು ಮೂಗಿನ ತುದಿಯವರೆಗೆ ಹತ್ತುವುದು. ಅದರ ಪಾಕವನ್ನು ಅಂಗಡಿಯವರು ತಮ್ಮ ತಮ್ಮ ಮನೆಯ ಗುಟ್ಟಾಗಿ ಇಟ್ಟುಕೊಂಡಿರುವರು. ಬೇಯಿಸಿದ ಬಟಾಣಿ, ತುರಿದ ಕ್ಯಾರೆಟ್ಟು, ಹೆಚ್ಚಿದ ಈರುಳ್ಳಿ, ಕೊತ್ತಂಬರಿಯ ಸೊಪ್ಪು, ಗರಿಗರಿಯಾದ ಪೂರಿ, ಈ ತಿಳಿನೀರು. ಇಷ್ಟೇ ಅದರ ಸಂಪತ್ತು. ಇಷ್ಟರಿಂದ ಈ ಸಣ್ಣ ಊರು ಗಳಿಸಿರುವ ಹೆಸರು ಎಂಥದೆಂದರೆ, ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ “ಬಂಗಾರಪೇಟೆ” ಎಂಬ ಹಲಗೆಯನ್ನು ತೂಗುಹಾಕಿ ತಿಂಡಿ ಮಾರುವವರು ಇದ್ದಾರೆ. ಅಂತಹ ಹಲಗೆಯ ಕೆಳಗೆ ಹೆಚ್ಚಿನ ಬೆಲೆ ತೆತ್ತು ಹೊಗಳುವ ಗೃಹಸ್ಥನು, ಬಂಗಾರಪೇಟೆಯಲ್ಲಿಯೇ ಇಳಿದಾಗ ಗಾಡಿಯನ್ನು ಕಂಡು ಮೂಗು ಮುಚ್ಚಿಕೊಂಡರೆ, ಅವನು ಹೊಗಳಿದ್ದು ತಿಂಡಿಯನ್ನೋ ಬೆಲೆಯನ್ನೋ ಎಂಬುದನ್ನು ವಾಚಕರೇ ನಿರ್ಣಯಿಸಬೇಕು.

ಹಾಗಾದರೆ ಬೆಲೆಯು ಏನನ್ನು ಅಳೆಯುವುದು? ಒಂದು ತಟ್ಟೆ ತಿಂಡಿಯ ಬೆಲೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಸಾಮಗ್ರಿಯ ಬೆಲೆ ಒಂದು ಭಾಗ. ಮಾಡುವವರ ಕೂಲಿ ಒಂದು ಭಾಗ. ಸ್ಥಳದ ಬಾಡಿಗೆ, ದೀಪ, ಕುರ್ಚಿ, ತಂಗಾಳಿಯ ಯಂತ್ರ, ಹಲಗೆ, ಜಾಹಿರಾತು ಇವು ಉಳಿದ ಭಾಗಗಳು. ನಾಲಗೆಗೆ ಸೇರುವುದು ಮೊದಲಿನ ಎರಡು ಮಾತ್ರ. ದೊಡ್ಡ ಪಟ್ಟಣದಲ್ಲಿ ಬೆಲೆಯು ಏರುವುದು ಬಹುಮಟ್ಟಿಗೆ ಉಳಿದ ಭಾಗಗಳಿಂದ. ಕುರ್ಚಿಗೆ ಹಣ ಕೊಡುವುದು ತಪ್ಪೆಂದು ಯಾರೂ ಹೇಳುವುದಿಲ್ಲ. ಕುರ್ಚಿಗೆ ಕೊಟ್ಟ ಹಣವನ್ನು ತಿಂಡಿಯ ಗುಣಕ್ಕೆ ಕೊಟ್ಟೆನೆಂದು ಭ್ರಮಿಸುವುದು ತಪ್ಪು. ಇನ್ನು ಸಾಮಗ್ರಿಯ ಮಾತು. ಬೆಂಗಳೂರು ತಿನ್ನುವ ತರಕಾರಿಯಲ್ಲಿಯೂ ಹಾಲಿನಲ್ಲಿಯೂ ಕೋಲಾರ ಜಿಲ್ಲೆಯ ಪಾಲು ದೊಡ್ಡದು. ಕೋಲಾರದ ಟೊಮ್ಯಾಟೊ ಮಾರುಕಟ್ಟೆಯೂ ಶ್ರೀನಿವಾಸಪುರದ ಮಾವೂ ದೇಶದಲ್ಲಿ ಹೆಸರಾದವು. ಬೆಳೆದ ನೆಲದ ಹತ್ತಿರ ಕೊಂಡ ಸೊಪ್ಪು ಹಸನಾಗಿಯೂ ಇರುವುದು, ಅಗ್ಗವಾಗಿಯೂ ಇರುವುದು. ಅದೇ ಸೊಪ್ಪು ಲಾರಿಯಲ್ಲಿ ಪಯಣಮಾಡಿ, ನಾಲ್ಕು ಕೈ ದಾಟಿ, ಬಾಡಿ, ಪಟ್ಟಣದ ಮಳಿಗೆಗೆ ಸೇರಿದಾಗ ಬೆಲೆ ಏರುವುದು, ಗುಣ ಇಳಿಯುವುದು. ಇಲ್ಲಿ ಗೃಹಸ್ಥರ ವ್ಯಾಪ್ತಿಯು ಮುರಿಯಿತು. ಅಷ್ಟೇ ಅಲ್ಲ, ತಲೆಕೆಳಗಾಯಿತು.

ಈ ಜಿಲ್ಲೆಯವರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ನೆರೆಯಲ್ಲಿಯೇ ಚಿನ್ನದ ಗಣಿಗಳಿದ್ದುವು. ಮೊದಲು ನೆಲದ ಮೇಲ್ಗಡೆ ಸಿಕ್ಕಿದ ಚಿನ್ನವೂ, ಕೊನೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕಿಳಿದು ತೆಗೆದ ಚಿನ್ನವೂ ಒಂದೇ ಚಿನ್ನ. ಒರೆಗೆ ಹಚ್ಚಿದರೆ ಭೇದವಿಲ್ಲ. ಆದರೆ ತೆಗೆಯುವ ವೆಚ್ಚವು ಏರಿ ಏರಿ ಕೊನೆಗೆ ಚಿನ್ನದ ಬೆಲೆಯನ್ನೇ ಮೀರಿದ್ದರಿಂದ ಗಣಿ ಮುಚ್ಚಿತು. ವೆಚ್ಚವು ಹೆಚ್ಚಿದ್ದರಿಂದ ಚಿನ್ನದ ಬಣ್ಣವೇನೂ ಹೆಚ್ಚಲಿಲ್ಲ. ವಸ್ತುವಿನ ಗುಣ ಬೇರೆ, ಅದನ್ನು ಕೈಗೆ ತಂದುಕೊಡುವ ವೆಚ್ಚ ಬೇರೆ ಎಂಬ ಸತ್ಯಕ್ಕೆ ಇಷ್ಟು ಜನರ ಜೀವನವು ಬೆಲೆ ತೆತ್ತ ಊರಿನಲ್ಲಿ, ಎರಡನ್ನೂ ಒಂದೆಂದು ಹೇಳುವ ಗಾದೆ ನಡೆಯಬಾರದು.

ಇರಲಿ. ಪೂರ್ವಪಕ್ಷದವರ ಮುಖ್ಯ ಆಯುಧವು ಶುಚಿತ್ವ. “ರುಚಿಯ ಮಾತು ಒಪ್ಪಿದೆವು, ಆದರೆ ಬೀದಿಯ ತಿಂಡಿಯಿಂದ ರೋಗ ಬರುವುದಿಲ್ಲವೆ?” ಎಂದು ಅವರು ಕೇಳುವರು. ಈ ಪ್ರಶ್ನೆಯನ್ನು ನಗೆಯಿಂದ ತಳ್ಳಿಹಾಕುವುದು ಯೋಗ್ಯವಲ್ಲ. ೨೦೨೪ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದ ನಾನಾ ಕಡೆಗಳಿಂದ ಪಾನಿಪೂರಿಯ ೨೬೦ ಮಾದರಿಗಳನ್ನು ತೆಗೆದು ಪರೀಕ್ಷಿಸಿದರೆಂದೂ, ಅವುಗಳಲ್ಲಿ ೪೧ ಕೃತಕ ಬಣ್ಣ ಮೊದಲಾದುವುಗಳಿಂದ ತಿನ್ನಲು ಅಪಾಯಕರವಾಗಿದ್ದುವೆಂದೂ, ಇನ್ನು ೧೮ ಕಳಪೆಯಾಗಿದ್ದುವೆಂದೂ ವರದಿಯಾಯಿತು. ಆ ವರ್ಷದ ಮಾರ್ಚಿಯಲ್ಲಿಯೇ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ಸರ್ಕಾರವು ನಿಷೇಧಿಸಿತ್ತು. ವರದಿ ಬಂದ ದಿನಗಳಲ್ಲಿ ಅನೇಕ ಮನೆಗಳಲ್ಲಿ “ಹೇಳಿದೆವಲ್ಲ!” ಎಂಬ ಜಯಘೋಷವು ಕೇಳಿಸಿತು.

ಆದರೆ ಜಯಘೋಷ ಮಾಡಿದವರು ವರದಿಯನ್ನು ಪೂರ್ತಿಯಾಗಿ ಓದಲಿಲ್ಲ. ಮೊದಲನೆಯದಾಗಿ, ಆ ಮಾದರಿಗಳನ್ನು ಬೀದಿಯ ಗಾಡಿಗಳಿಂದ ಮಾತ್ರವೇ ಅಲ್ಲ, ಒಳ್ಳೆಯ ಹೋಟೆಲುಗಳಿಂದಲೂ ತೆಗೆಯಲಾಗಿತ್ತು. ಎರಡನೆಯದಾಗಿ, ದೋಷವು ಕಂಡುಬಂದುದು ಅಗ್ಗದ ಬೆಲೆಯಲ್ಲಿ ಅಲ್ಲ, ಬಣ್ಣದಲ್ಲಿ. ಬಣ್ಣವನ್ನು ಹಾಕುವುದು ಯಾರಿಗಾಗಿ? ನಾಲಗೆಗೆ ಬಣ್ಣದ ರುಚಿ ತಿಳಿಯದು. ಬಣ್ಣವು ಕಣ್ಣಿಗಾಗಿ. ಮಂಕಾದ ಹಸುರನ್ನು ಕಂಡು ಮುಖ ಸಿಂಡರಿಸಿ, ಹೊಳೆಯುವ ಹಸುರನ್ನು ಕಂಡು ಕೊಳ್ಳುವ ಗಿರಾಕಿಯೇ ಬಣ್ಣದ ಡಬ್ಬಿಯ ಮುಚ್ಚಳವನ್ನು ತೆರೆಯುವವನು. ಬಂಗಾರಪೇಟೆಯ ತಿಳಿನೀರಿನಲ್ಲಿ ಇಂತಹ ಮೋಸಕ್ಕೆ ಎಡೆಯೇ ಇಲ್ಲ. ಬಣ್ಣವಿಲ್ಲದಿರುವುದೇ ಅದರ ಕುರುಹು. ಸರ್ಕಾರವು ನಿಷೇಧಾಜ್ಞೆಯಿಂದ ಮಾಡಹೊರಟುದನ್ನು ಈ ಊರಿನ ತಿಂಡಿಯವರು ಸಂಪ್ರದಾಯದಿಂದಲೇ ಸಾಧಿಸಿಕೊಂಡಿದ್ದರು. ಇದಕ್ಕಾಗಿ ಅವರಿಗೆ ಸಲ್ಲಬೇಕಾದ ಪ್ರಶಂಸೆಯು ಇನ್ನೂ ಸಂದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತಿಳಿಯಾದುದೆಲ್ಲ ಶುದ್ಧವಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಕೊಳವೆ ಬಾವಿಗಳು ಪಾತಾಳಕ್ಕೆ ಇಳಿದಿವೆ. ಎಷ್ಟೋ ಕಡೆ ನೆಲದ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ೨೦೧೮ರಿಂದ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿರುವುದೂ ಎಲ್ಲರೂ ಬಲ್ಲ ಸಂಗತಿ. ನೀರಿಗಾಗಿ ಇಷ್ಟು ಪರಿತಪಿಸುವ ಸೀಮೆಯ ಊರೊಂದು ನೀರಿನ ರುಚಿಗಾಗಿಯೇ ಹೆಸರಾಗಿರುವುದು ವಿಚಿತ್ರ. ಇಲ್ಲಿ ತಿಂಡಿಯವನ ಪ್ರಾಮಾಣಿಕತೆಯ ನಿಜವಾದ ವೆಚ್ಚವು ನೀರಿನ ವೆಚ್ಚ. ಶುದ್ಧವಾದ ನೀರನ್ನು ಅವನು ಹಣ ಕೊಟ್ಟು ತರಬೇಕು. ತಂದವನಿಗೂ ತಾರದವನಿಗೂ ತಟ್ಟೆಯ ಮೇಲೆ ಒಂದೇ ಬೆಲೆ ಬಂದರೆ, ತಂದವನು ಎಷ್ಟು ಕಾಲ ತಂದಾನು? ಆದುದರಿಂದ “ಶುಚಿಯಿಲ್ಲ” ಎಂದು ದೂರ ನಿಂತು ಹೇಳುವವರು ಶುಚಿಗೆ ಸಹಾಯಕರಲ್ಲ. ಹತ್ತಿರ ಹೋಗಿ “ನೀರು ಎಲ್ಲಿಯದಪ್ಪ?” ಎಂದು ಕೇಳಿ, ಸರಿಯಾದ ಉತ್ತರ ಕೊಟ್ಟವನಲ್ಲಿಯೇ ಕೊಳ್ಳುವವರು ನಿಜವಾದ ಸಹಾಯಕರು. ಬೀದಿಯ ಗಾಡಿಯಲ್ಲಿ ಕೈ, ಪಾತ್ರೆ, ನೀರು, ಬಟ್ಟೆ ಎಲ್ಲವೂ ಕಣ್ಣೆದುರಿಗೆ ಇರುವುವು. ಹೋಟೆಲಿನ ಗೋಡೆಯ ಹಿಂದೆ ಈ ಪ್ರತ್ಯಕ್ಷಪ್ರಮಾಣವು ದೊರೆಯದು. ಪ್ರತ್ಯಕ್ಷವನ್ನು ಬಿಟ್ಟು ದುರ್ಬಲವಾದ ಅನುಮಾನವನ್ನು ಹಿಡಿಯುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಇನ್ನೊಂದು ಆಕ್ಷೇಪವು ಸಂಪ್ರದಾಯಸ್ಥರದು. “ಇದು ನಮ್ಮ ತಿಂಡಿಯಲ್ಲ, ಉತ್ತರದೇಶದಿಂದ ಬಂದುದು. ನಮ್ಮ ಇಡ್ಡಲಿ ದೋಸೆಗಳಿರಲಾಗಿ ಇದೇಕೆ?” ಎಂದು ಅವರು ಹೇಳುವರು. ಬಂದುದು ಉತ್ತರದಿಂದ ಎಂಬುದೇನೋ ದಿಟ. ಆದರೆ ಇವರು ನಿತ್ಯವೂ ತಿನ್ನುವ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮ್ಯಾಟೊಗಳು ಬಂದುದು ಎಲ್ಲಿಂದ? ಮೂರೂ ಅಮೆರಿಕಾ ಖಂಡದವು. ಯೂರೋಪಿನವರ ಹಡಗಿನಲ್ಲಿ ಬಂದುವು. ಅಷ್ಟು ದೂರದಿಂದ ಬಂದ ಮೆಣಸಿನಕಾಯಿಯನ್ನು ಶ್ರಾದ್ಧದ ಅಡಿಗೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಮನೆಯ ಮಗಳಂತೆ ಸೇರಿಸಿಕೊಂಡವರು, ಪಕ್ಕದ ಸೀಮೆಯ ಪೂರಿಗೆ ಬಾಗಿಲು ಮುಚ್ಚುವುದು ನ್ಯಾಯವಲ್ಲ. ಶಬ್ದವನ್ನು ವಿಚಾರಿಸಿದರೂ, “ಪಾನೀಯ”ವೇ ಪಾನಿಯಾಯಿತು, “ಪೂರಿಕಾ” ಎಂಬುದೇ ಪೂರಿಯಾಯಿತು. ಸಂಸ್ಕೃತದ ಮನೆಯಿಂದ ಹೊರಟು ಹಿಂದಿಯ ಬೀದಿಯಲ್ಲಿ ಸುತ್ತಿ ಕನ್ನಡದ ಸಂತೆಗೆ ಬಂದ ಶಬ್ದಗಳನ್ನು ಪರಕೀಯವೆಂದು ಸಂಸ್ಕೃತಾಭಿಮಾನಿಗಳೇ ಹೊರಗೆ ನಿಲ್ಲಿಸುವುದು ಇನ್ನೂ ವಿನೋದಕರ.

ಕನ್ನಡ ನಾಡಿನ ಹಿರಿಯರು ತಿಂಡಿಯ ವಿಷಯದಲ್ಲಿ ಇಷ್ಟು ಸಂಕುಚಿತರಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆ ಒಂದು ಅಧ್ಯಾಯವಿರುವಂತೆಯೇ ಪಾನೀಯಭೋಗಕ್ಕೂ ಒಂದು ಅಧ್ಯಾಯವಿದೆ. ನೀರನ್ನು ಆರಿಸುವುದು, ಶುದ್ಧಿಗೊಳಿಸುವುದು, ಪರಿಮಳಗೊಳಿಸುವುದು ಇವೂ ಅರಸನು ಬರೆಯತಕ್ಕ ವಿಷಯಗಳೆಂದು ಅವನಿಗೆ ತೋರಿತು. ೧೫೦೮ರ ಸುಮಾರಿನಲ್ಲಿ ಮೂರನೆಯ ಮಂಗರಸನು ಅಡಿಗೆಯ ಶಾಸ್ತ್ರವನ್ನೇ ಕನ್ನಡ ಪದ್ಯದಲ್ಲಿ ‘ಸೂಪಶಾಸ್ತ್ರ’ವೆಂದು ಬರೆದನು. ಅರಸನು ಬರೆದರೆ ಭೋಗ, ಗಾಡಿಯವನು ಮಾಡಿದರೆ ಹೇಯ ಎಂಬ ಭೇದವು ರಸನೇಂದ್ರಿಯಕ್ಕೆ ತಿಳಿಯದು. ತಿಳಿನೀರನ್ನು ಸಂಸ್ಕರಿಸಿ ಮಂದಿಯ ಮನಸ್ಸನ್ನು ಗೆದ್ದ ಬಂಗಾರಪೇಟೆಯವರು ತಿಳಿಯದೆಯೇ ಸೋಮೇಶ್ವರನ ಶಿಷ್ಯರಾಗಿದ್ದಾರೆ.

“ಬೀದಿಯಲ್ಲಿ ನಿಂತು ತಿನ್ನುವುದು ಮರ್ಯಾದೆಯಲ್ಲ” ಎಂಬ ಮಾತಿಗೆ ದೀರ್ಘವಾದ ಉತ್ತರವು ಬೇಡ. ೧೯೮೩ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮೊದಲನೆಯ ದರ್ಶಿನಿಯು ತೆರೆದಂದಿನಿಂದ, ವಕೀಲರೂ ವೈದ್ಯರೂ ಪ್ರಾಧ್ಯಾಪಕರೂ ಕೈಯಲ್ಲಿ ತಟ್ಟೆ ಹಿಡಿದು ನಿಂತುಕೊಂಡೇ ಇಡ್ಡಲಿ ತಿನ್ನುತ್ತಿರುವರು. ಅವರ ಮರ್ಯಾದೆಗೆ ಕುಂದುಬಂದುದನ್ನು ಯಾರೂ ಕೇಳಿಲ್ಲ. ಮೇಲೆ ಚಾವಣಿಯಿದ್ದರೆ ಮರ್ಯಾದೆ, ಆಕಾಶವಿದ್ದರೆ ಅಮರ್ಯಾದೆ ಎನ್ನುವುದಾದರೆ, ಮರ್ಯಾದೆಯು ಬಡಗಿಯ ಕೈಯಲ್ಲಿದೆ ಎಂದಾಯಿತು.

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಅದನ್ನು ಪೂರ್ವಪಕ್ಷದವರು ಎತ್ತುವುದು ಅಪರೂಪ, ಆದರೂ ಉತ್ತರಿಸಲೇಬೇಕು. ಅಗ್ಗವೆಂಬುದು ಯಾರ ಬೆನ್ನಿನ ಮೇಲೆ ನಿಂತಿದೆ? ಈ ಪ್ರಶ್ನೆಗೆ ಉತ್ತರಿಸಲು ಅಗ್ಗವನ್ನು ನಾಲ್ಕು ಬಗೆಯಾಗಿ ವಿಂಗಡಿಸಬೇಕು.

ಮೊದಲನೆಯದು ಆಜ್ಞೆಯ ಅಗ್ಗ. ೧೯೭೫ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ತಿಂಡಿಗಳ ಬೆಲೆಯನ್ನು ಸರ್ಕಾರವು ಬಹಳ ಕೆಳಕ್ಕೆ ಇಳಿಸಿ ಗೊತ್ತುಮಾಡಿತು. ೧೯೨೪ರಿಂದ ನಡೆದುಬಂದಿದ್ದ ಮಾವಳ್ಳಿ ಟಿಫಿನ್ ರೂಮಿನವರು ಆ ಬೆಲೆಗೆ ಗುಣವನ್ನು ಕೆಡಿಸಿ ಮಾರಲೊಲ್ಲದೆ ಭೋಜನಶಾಲೆಯನ್ನು ಮುಚ್ಚಿ, ಸಿದ್ಧ ಪುಡಿಗಳ ಮಾರಾಟಕ್ಕೆ ತೊಡಗಿದರು. ಬೆಲೆಯನ್ನು ಅಪ್ಪಣೆಯಿಂದ ಇಳಿಸಬಹುದು, ತುಪ್ಪದ ಬೆಲೆಯನ್ನು ಇಳಿಸಲಾಗದು ಎಂಬುದಕ್ಕೆ ಇದು ನಿದರ್ಶನ. ಎರಡನೆಯದು ಬೊಕ್ಕಸದ ಅಗ್ಗ. ೨೦೧೭ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ೫ ರೂಪಾಯಿಗೆ ಉಪಾಹಾರ, ೧೦ ರೂಪಾಯಿಗೆ ಊಟ ಎಂದು ಗೊತ್ತಾಯಿತು. ಇಲ್ಲಿ ಕಡಮೆಬಿದ್ದ ಹಣವನ್ನು ಬೊಕ್ಕಸವು ತುಂಬುವುದು. ಹಸಿದವನಿಗೆ ಇದು ಉಪಕಾರವೇ ಸರಿ. ಮೂರನೆಯದು ಮೋಸದ ಅಗ್ಗ: ಕರಿದ ಎಣ್ಣೆಯಲ್ಲಿಯೇ ಮತ್ತೆ ಮತ್ತೆ ಕರಿಯುವುದು, ಕೊಳೆತುದನ್ನು ಖಾರದಿಂದ ಮುಚ್ಚುವುದು, ಶಾಲೆಯಲ್ಲಿರಬೇಕಾದ ಬಾಲಕನಿಂದ ನಡುರಾತ್ರಿಯವರೆಗೆ ತಟ್ಟೆ ತೊಳೆಯಿಸುವುದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಡುವುದನ್ನು ೨೦೧೬ರ ತಿದ್ದುಪಡಿಯು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿರುವುದು ಸರಿಯಷ್ಟೆ. ಈ ಅಗ್ಗವನ್ನು ಹೊಗಳುವವನು ಪಾಪದಲ್ಲಿ ಪಾಲುಗಾರನು.

ನಾಲ್ಕನೆಯದು ಯುಕ್ತಿಯ ಅಗ್ಗ. ಬಾಡಿಗೆಯಿಲ್ಲ, ಮನೆಯವರೇ ಹೆಚ್ಚುವರು, ಬೇಯಿಸುವರು, ಮಾರುವರು, ಮಾಡುವ ಪದಾರ್ಥಗಳು ಎರಡೋ ಮೂರೋ ಆದ್ದರಿಂದ ಒಂದು ಹಿಡಿ ಸೊಪ್ಪೂ ಹಾಳಾಗುವುದಿಲ್ಲ, ಲಾಭ ತಟ್ಟೆಗೆ ಕಡಮೆ, ತಟ್ಟೆಗಳು ಬಹಳ. ಈ ಅಗ್ಗದಲ್ಲಿ ಯಾರಿಗೂ ವಂಚನೆಯಿಲ್ಲ. ಜಾಣತನಕ್ಕೆ ಸಿಕ್ಕಿದ ಪ್ರಯೋಜನವನ್ನು ಮಾರುವವನೂ ತಿನ್ನುವವನೂ ಹಂಚಿಕೊಳ್ಳುವುದೇ ಅದರ ಸ್ವರೂಪ. ಇಲ್ಲಿ ವಾದಿಸುತ್ತಿರುವುದು ಈ ನಾಲ್ಕನೆಯ ಅಗ್ಗದ ಪರವಾಗಿ ಮಾತ್ರ. ಇಂತಹ ಗಾಡಿಯವನೊಡನೆ ಒಂದು ರೂಪಾಯಿಗಾಗಿ ಚೌಕಾಶಿ ಮಾಡಿ, ದೊಡ್ಡ ಮಳಿಗೆಯಲ್ಲಿ ಬಿಲ್ಲಿನ ಮೇಲೆ ಇನಾಮನ್ನೂ ಇಟ್ಟುಬರುವವರು, ಯುಕ್ತಿಯ ಅಗ್ಗವನ್ನು ಮೋಸದ ಅಗ್ಗದ ಕಡೆಗೆ ತಮ್ಮ ಕೈಯಿಂದಲೇ ತಳ್ಳುವರು. ಸಾಮಗ್ರಿಯ ಬೆಲೆ ಏರಿದಾಗ ಅವನೂ ಎರಡು ರೂಪಾಯಿ ಏರಿಸಿದರೆ ಗೊಣಗದೆ ಕೊಡುವುದು ಗಿರಾಕಿಯ ಧರ್ಮ.

ಹಾಗಾದರೆ ದೊಡ್ಡ ಪಟ್ಟಣದಲ್ಲಾಗಲಿ ಅದರ ಸುತ್ತಿನ ಊರುಗಳಲ್ಲಾಗಲಿ ಇಂತಹ ತಿಂಡಿಯನ್ನು ಹುಡುಕಿಕೊಳ್ಳುವುದು ಹೇಗೆ? ಬೆಲೆಯು ಗುರುತಲ್ಲವೆಂದ ಮೇಲೆ ಬೇರೆ ಗುರುತುಗಳನ್ನು ಹೇಳಬೇಕಾದುದು ನ್ಯಾಯ. ಒಂದು, ಪದಾರ್ಥಗಳ ಸಂಖ್ಯೆ. ಐವತ್ತು ಬಗೆಯನ್ನು ಮಾರುವ ಗಾಡಿಗಿಂತ ಮೂರು ಬಗೆಯನ್ನು ಮಾರುವ ಗಾಡಿ ಮೇಲು. ಎರಡು, ನಿಂತಿರುವ ಜನ. ದಿನವೂ ಅದೇ ದಾರಿಯಲ್ಲಿ ಹೋಗುವ ಕೂಲಿಕಾರರು, ಆಟೋದವರು, ಕಚೇರಿಯ ಸಣ್ಣ ನೌಕರರು ಅಲ್ಲಿದ್ದರೆ ನಂಬಬಹುದು. ನಾಳೆಯೂ ದುಡಿಯಬೇಕಾದವನು ಹೊಟ್ಟೆ ಕೆಡಿಸುವ ಅಂಗಡಿಗೆ ಎರಡನೆಯ ಸಲ ಹೋಗುವುದಿಲ್ಲ. ಮೂರು, ಪಾತ್ರೆ ಬರಿದಾಗುವ ಹೊತ್ತು. ಕತ್ತಲಾಗಿ ಸ್ವಲ್ಪ ಹೊತ್ತಿಗೆಲ್ಲ “ಮುಗಿಯಿತು” ಎಂದು ಹೇಳುವವನಲ್ಲಿ ನಿನ್ನೆಯದು ಇರುವುದಿಲ್ಲ. ನಾಲ್ಕು, ನೀರು ಮತ್ತು ಕೈ. ನೀರಿನ ಪಾತ್ರೆಗೆ ಮುಚ್ಚಳವಿದೆಯೆ, ಹಣ ಮುಟ್ಟುವ ಕೈ ಬೇರೆಯೆ, ತಿಂಡಿ ಮುಟ್ಟುವ ಕೈ ಬೇರೆಯೆ ಎಂಬುದನ್ನು ಅರೆಗಳಿಗೆ ನಿಂತು ನೋಡಿದರೆ ತಿಳಿಯುವುದು. ಐದು, ಬಣ್ಣ. ಪ್ರಕೃತಿಯಲ್ಲಿಲ್ಲದ ಕೆಂಪೂ ಹಸುರೂ ಕಂಡರೆ ಹಿಂದಿರುಗಬಹುದು. ಈ ಐದಕ್ಕೂ ಕಾಸು ಬೇಕಾಗಿಲ್ಲ, ಕಣ್ಣು ಬೇಕು. ಮೊಬೈಲಿನಲ್ಲಿ ಚಿತ್ರಗಳನ್ನು ನೋಡಿ ಹೊರಡುವವರಿಗೆ ಈ ಐದರಲ್ಲಿ ಒಂದಾದರೂ ತಿಳಿಯುವುದು ದುರ್ಲಭ. ಚಿತ್ರದಲ್ಲಿ ಬಣ್ಣವೇ ಮೊದಲು ಕಾಣುವುದರಿಂದ ಅವರು ಬಹುಶಃ ಐದನೆಯ ಗುರುತನ್ನು ತಲೆಕೆಳಗಾಗಿಯೇ ಓದುವರು.

ಕೊನೆಯದಾಗಿ ಊರುಗಳ ಕರ್ತವ್ಯವನ್ನು ಕುರಿತು ಒಂದು ಮಾತು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ಸಂರಕ್ಷಿಸುವುದಕ್ಕಾಗಿ ೨೦೧೪ರಲ್ಲಿ ಭಾರತ ಸರ್ಕಾರದ ಅಧಿನಿಯಮವೊಂದು ಬಂದಿದೆ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಗಣತಿ ಮಾಡತಕ್ಕದ್ದೆಂದೂ, ಗಣತಿ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸತಕ್ಕದ್ದಲ್ಲವೆಂದೂ, ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಆರಿಸಿಬಂದವರಾಗಿರಬೇಕೆಂದೂ ಅದು ವಿಧಿಸಿದೆ. ಕಾಯಿದೆ ಒಳ್ಳೆಯದೇ. ಆದರೆ ಗಾಡಿಯನ್ನು ಎಬ್ಬಿಸುವ ದಿನ ಹರ್ಷಪಡುವ ವಿದ್ಯಾವಂತರು ಎಲ್ಲಿಯವರೆಗೆ ಇರುವರೋ ಅಲ್ಲಿಯವರೆಗೆ ಕಾಯಿದೆಯು ಕಾಗದದಲ್ಲಿಯೇ ಇರುವುದು. ಕೊಳಾಯಿಯಿಲ್ಲದ, ಚರಂಡಿಯಿಲ್ಲದ, ಕಸದ ತೊಟ್ಟಿಯಿಲ್ಲದ ಮೂಲೆಗೆ ಅವನನ್ನು ತಳ್ಳಿ, ಬಳಿಕ ಅವನಲ್ಲಿ ಕೊಳಕನ್ನು ಕಂಡುಹಿಡಿಯುವುದು, ಕಾಲು ಕ��್ಟಿ ಓಡೆನ್ನುವ ನ್ಯಾಯ. ಸಂಜೆ ನಾಲ್ಕು ಗಂಟೆಯ ಕಾಲ ನಿಲ್ಲಲು ಗೊತ್ತಾದ ಜಾಗ, ಒಂದು ಶುದ್ಧ ನೀರಿನ ಕೊಳಾಯಿ, ಒಂದು ದೀಪ, ಹರಿದುಹೋಗುವ ಚರಂಡಿ. ಯಾವ ಪುರಸಭೆಗೂ ಇವು ಮೀರಿದ ಖರ್ಚಲ್ಲ. ಇವುಗಳನ್ನು ಕೇಳುವ ಅರ್ಜಿಗೆ ಊರಿನ ವಿದ್ಯಾವಂತರು ಮೊದಲು ಸಹಿ ಹಾಕಲಿ. ಆಮೇಲೆ ಶುಚಿಯಿಲ್ಲವೆಂದು ದೂರುವ ಅಧಿಕಾರವು ಅವರಿಗೆ ಬರುವುದು.

ಮತ್ತೆ ಗಾದೆಗೆ ಬರೋಣ. ಅಕ್ಕಿಯ ಹಿಟ್ಟನ್ನೂ ಬೆಲ್ಲವನ್ನೂ ಪಾಕದಲ್ಲಿ ಸೇರಿಸಿ ತಟ್ಟಿ ಕರಿದರೆ ಕಜ್ಜಾಯ. ಒಂದು ಕಾಸು ತಂದವನಿಗೆ ಒಂದು, ಎರಡು ಕಾಸು ತಂದವನಿಗೆ ಎರಡು. ಒಂದು ಕಾಸು ತಂದವನ ಕಜ್ಜಾಯಕ್ಕೆ ಬೆಲ್ಲವನ್ನು ಬಿಟ್ಟು ಮಣ್ಣು ಬೆರೆಸು ಎಂದು ಗಾದೆಯು ಹೇಳಲಿಲ್ಲ. ಕಾಸಿಗೆ ತಕ್ಕುದು ಕಜ್ಜಾಯದ ಲೆಕ್ಕ, ಕಜ್ಜಾಯದ ಪಾಕವಲ್ಲ. ಆ ಮಾತು ಮಾರುವವನ ನ್ಯಾಯಕ್ಕೆ ಹಾಕಿದ ಕಟ್ಟಾಗಿತ್ತು. ಅದನ್ನು ಬಡವನ ತಟ್ಟೆಯನ್ನು ಹೀಯಾಳಿಸುವ ಕೋಲಾಗಿ ಮಾಡಿಕೊಂಡವರು ಈ ಕಾಲದ ಓದಿದವರು. ಬಂಗಾರಪೇಟೆಯ ಗಾಡಿಯವನು ಆ ಹಳೆಯ ಅರ್ಥವನ್ನು ಇನ್ನೂ ಉಳಿಸಿಕೊಂಡಿದ್ದಾನೆ. ಅವನೆದುರು ರಾತ್ರಿಯ ರೈಲಿನಿಂದ ಇಳಿದ ಕೂಲಿಯವನೂ ಕಾರಿನಿಂದ ಇಳಿದ ಧನಿಕನೂ ನಿಂತಾಗ, ಇಬ್ಬರ ತಟ್ಟೆಗೂ ಬೀಳುವುದು ಒಂದೇ ಪಾತ್ರೆಯ ತಿಳಿನೀರು.